ಹೆಪ್ಪುಗಟ್ಟಿದ ಪ್ಯಾಂಗಾಂಗ್ ಮೇಲೆ 21 ಕಿಲೋಮೀಟರ್: ಬೆಂಗಳೂರಿನಿಂದ ಹೊರಡುವವರಿಗೆ

ಲಡಾಖಿನ ಪ್ಯಾಂಗಾಂಗ್ ಸರೋವರದ ನೀರು ಉಪ್ಪು. ಆದರೂ ಚಳಿಗಾಲದ ನಡುವೆ ಅದು ಜನ ನಡೆದಾಡುವಷ್ಟು ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ. 2023ರ ಫೆಬ್ರವರಿ 20ರಂದು ಅದೇ ಮಂಜುಗಡ್ಡೆಯ ಮೇಲೆ, ಲುಕುಂಗ್‌ನಿಂದ ಮಾನ್ ಹಳ್ಳಿಯವರೆಗೆ, ಮೊದಲ ಬಾರಿಗೆ ಹಾಫ್ ಮ್ಯಾರಥಾನ್ ನಡೆಯಿತು. 75 ಜನ ಭಾಗವಹಿಸಿದ್ದ, 13,862 ಅಡಿ ಎತ್ತರದ ಆ ಓಟ ಗಿನ್ನೆಸ್ ದಾಖಲೆಗೂ ಸೇರಿತು. ಅಂದಿನಿಂದ ನಮ್ಮ ಕಡೆಯ ಓಟಗಾರರಿಗೂ ಅದರ ಹುಚ್ಚು ಹತ್ತಿದೆ. ಎಲ್ಲರೂ ಮೊದಲು ಕೇಳುವುದು ಒಂದೇ: ಯಾವ ಜಾಕೆಟ್ ಕೊಳ್ಳಬೇಕು?

ಮೊದಲು ಕೇಳಬೇಕಾದದ್ದು ಅದಲ್ಲ. ಲೇಹ್‌ಗೆ ಯಾವತ್ತು ಇಳಿಯುತ್ತೀರಿ ಅನ್ನುವುದು. ಚಳಿಯನ್ನು ಬಟ್ಟೆಯಿಂದ ತಡೆಯಬಹುದು, ಎತ್ತರಕ್ಕೆ ಹಾಗೆ ತೊಡುವಂಥದ್ದೇನೂ ಇಲ್ಲ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್, ಲೇಹ್ 3,500, ಪ್ಯಾಂಗಾಂಗ್ 4,225. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಶೇ 60ರಷ್ಟು ಮಾತ್ರ. ಅಂದರೆ ಒಂದೊಂದು ಉಸಿರಿಗೆ ಸಿಗುವ ಆಮ್ಲಜನಕವೂ ಅಷ್ಟೇ. ಓಟದ ದಿನಕ್ಕಿಂತ ಕನಿಷ್ಠ 8 ದಿನ ಮೊದಲು ಲೇಹ್ ತಲುಪಿರಿ. ಮೊದಲ ಎರಡು ದಿನ ರೂಮು, ಊಟ, ನಿದ್ದೆ, ಅಷ್ಟೇ. ಮೂರನೆಯ ದಿನ ಪೇಟೆಯಲ್ಲಿ ನಿಧಾನ ನಡಿಗೆ, ನಾಲ್ಕು-ಐದನೆಯ ದಿನ 3–4 ಕಿಲೋಮೀಟರ್ ಹಗುರ ಓಟ. ಆಮೇಲೆ ಸರೋವರದ ದಾರಿಯಲ್ಲಿರುವ ತಾಂಗ್ಸೆ ಹಳ್ಳಿಯಲ್ಲಿ ಎರಡು ರಾತ್ರಿ ಕಳೆದು ಲುಕುಂಗ್‌ಗೆ ಹೋದರೆ ದೇಹ ಜಗಳವಾಡುವುದು ಕಡಿಮೆ. ದಾರಿಯಲ್ಲಿ ಚಾಂಗ್ ಲಾ ಎಂಬ ಬೆಟ್ಟದ ಘಾಟಿ ದಾಟಬೇಕು, ಅದು 17,000 ಅಡಿಗೂ ಮೇಲೆ. ಫೋಟೊ ತೆಗೆದುಕೊಳ್ಳಿ, ಬೇಡ ಅನ್ನುವುದಿಲ್ಲ, ಆದರೆ ಹತ್ತು ನಿಮಿಷದಲ್ಲಿ ಗಾಡಿ ಹತ್ತಿ.

ಎತ್ತರದ ಕಾಯಿಲೆ ಬರದಂತೆ ಹಲವರು ಅಸೆಟಜೋಲಮೈಡ್ ಮಾತ್ರೆ (ಅಂಗಡಿಯಲ್ಲಿ ಡೈಮಾಕ್ಸ್ ಅನ್ನುತ್ತಾರೆ) ತೆಗೆದುಕೊಳ್ಳುತ್ತಾರೆ. ಸಾಮಾನ್ಯ ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ಎತ್ತರಕ್ಕೆ ಹೊರಡುವ ಹಿಂದಿನ ದಿನದಿಂದ. ಸಲ್ಫಾ ಔಷಧಿ ಆಗದವರಿಗೆ ಇದು ಆಗದಿರಬಹುದು, ಹಾಗಾಗಿ ಡಾಕ್ಟರನ್ನು ಕೇಳದೆ ನುಂಗಬೇಡಿ. ಮನೆಯಲ್ಲೇ ಎರಡು ದಿನ ತೆಗೆದುಕೊಂಡು ನೋಡುವುದು ಒಳ್ಳೆಯದು. ಅದಕ್ಕೆ ಇನ್ನೊಂದು ಕಾರಣವೂ ಇದೆ. ಈ ಮಾತ್ರೆಗೆ ಬೆರಳ ತುದಿ, ತುಟಿ ಜುಮುಗುಡುತ್ತವೆ. ಮಂಜಿನ ಮೇಲೆ ಅದನ್ನು ಚಳಿಯ ಹೊಡೆತ ಅಂದುಕೊಂಡು ಗಾಬರಿಯಾಗುವವರಿದ್ದಾರೆ. ನಿಜವಾದ ಚಳಿಯ ಹೊಡೆತವನ್ನು ಮಾತ್ರೆಯ ಜುಮು ಅಂದುಕೊಂಡು ಬಿಟ್ಟುಬಿಡುವವರೂ ಇದ್ದಾರೆ, ಅದು ಹೆಚ್ಚು ಅಪಾಯ. ವ್ಯತ್ಯಾಸ ಸರಳ: ಮಾತ್ರೆಯಿಂದಾದರೆ ಚರ್ಮದ ಬಣ್ಣ ಬದಲಾಗುವುದಿಲ್ಲ, ಚಿವುಟಿದರೆ ಗೊತ್ತಾಗುತ್ತದೆ. ಚಳಿಯಿಂದಾದರೆ ಬೆರಳು ಬಿಳಿಚಿಕೊಂಡು ಮರಗಟ್ಟುತ್ತದೆ, ಚಿವುಟಿದ್ದು ತಿಳಿಯುವುದಿಲ್ಲ.

ಇನ್ನು ಬಟ್ಟೆಗೆ ಬರೋಣ. ನಮ್ಮವರು ಧನುರ್ಮಾಸದ ಚಳಿಗೇ ಮಂಕಿ ಕ್ಯಾಪ್ ಹಾಕುವ ಜನ, ಲಡಾಖ್ ಅಂದರೆ ಸಿಕ್ಕಿದ್ದನ್ನೆಲ್ಲ ಮೈಮೇಲೆ ಹೇರಿಕೊಳ್ಳುತ್ತಾರೆ. ಓಡುವವರ ಮಟ್ಟಿಗೆ ಇದು ತಪ್ಪು. ಅಲ್ಲಿ ಮೈಯನ್ನು ತಣ್ಣಗಾಗಿಸುವುದು ಮುಖ್ಯವಾಗಿ ನಿಮ್ಮದೇ ಬೆವರು. ಮೂರನೇ ಕಿಲೋಮೀಟರಿನಲ್ಲಿ ಬೆವರಿದ್ದು, ಹದಿನೈದನೆಯದರಲ್ಲಿ ಸುಸ್ತಾಗಿ ನಡೆಯತೊಡಗಿದಾಗ, ಬೆನ್ನ ಮೇಲೆ ಹಿಮದ ಪಟ್ಟಿಯಾಗುತ್ತದೆ. ಸುಲಭದ ಲೆಕ್ಕ ಇಷ್ಟು: ಥರ್ಮಾಮೀಟರ್ ತೋರಿಸುವುದಕ್ಕಿಂತ 10 ಡಿಗ್ರಿ ಹೆಚ್ಚಿದೆ ಅಂದುಕೊಂಡು ಬಟ್ಟೆ ಹಾಕಿ. ಸ್ಟಾರ್ಟ್ ಲೈನಿನಲ್ಲಿ ಸ್ವಲ್ಪ ನಡುಗುತ್ತಿದ್ದರೆ ಬಟ್ಟೆ ಸರಿಯಾಗಿದೆ. ಬೆಚ್ಚಗೆ ಹಾಯಾಗಿದ್ದರೆ ಒಂದು ಪದರ ಜಾಸ್ತಿಯಾಗಿದೆ.

ಮೈಗೆ ಅಂಟಿದ ಮೊದಲ ಪದರ ಮೆರಿನೊ ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ. ಹತ್ತಿ ಬನಿಯನ್ ಬೇಡವೇ ಬೇಡ, ಅದು ಬೆವರು ಕುಡಿದು ಒಣಗದೆ ಕೂರುತ್ತದೆ. ಅದರ ಮೇಲೆ ತೆಳು ಫ್ಲೀಸ್, ಕತ್ತಿನಿಂದ ಎದೆವರೆಗೆ ಜಿಪ್ ಇರುವಂಥದ್ದು. ಹೊರಗೆ ಗಾಳಿ ತಡೆಯುವ ತೆಳು ಜಾಕೆಟ್. ದಪ್ಪ ಪಫರ್ ಜಾಕೆಟ್ ಓಟಕ್ಕಲ್ಲ, ಓಟಕ್ಕೆ ಮುಂಚೆ ಮತ್ತು ಮುಗಿದ ಮೇಲೆ. ಕಾಲಿಗೆ ಥರ್ಮಲ್ ಟೈಟ್ಸ್, ಮೇಲೆ ವಿಂಡ್ ಪ್ಯಾಂಟ್. ಗಂಡಸರು ಮುಂಭಾಗದಲ್ಲಿ ಗಾಳಿ ತಡೆಯುವ ಪದರವಿರುವ ಒಳಚಡ್ಡಿ ಹುಡುಕಿಕೊಳ್ಳಿ. ಇದನ್ನು ಹೇಳಲು ಎಲ್ಲರೂ ಸಂಕೋಚಪಡುತ್ತಾರೆ, ಆದರೆ ಎದುರುಗಾಳಿಯಲ್ಲಿ ಎರಡು ಗಂಟೆ ಓಡಿದವರಿಗೆ ಅದರ ಬೆಲೆ ಗೊತ್ತು. ಕೈಗೆ ತೆಳು ಗ್ಲೌಸ್ ಮೇಲೆ ಮಿಟನ್. ನಾಲ್ಕು ಬೆರಳು ಒಂದೇ ಚೀಲದಲ್ಲಿದ್ದರೆ ಒಂದಕ್ಕೊಂದು ಬಿಸಿ ಕೊಡುತ್ತವೆ.

ಗಾಳಿಯ ಲೆಕ್ಕವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೈನಸ್ 10 ಡಿಗ್ರಿಯಲ್ಲಿ ಗಂಟೆಗೆ 30 ಕಿಲೋಮೀಟರ್ ಗಾಳಿ ಬೀಸಿದರೆ ತೆರೆದ ಚರ್ಮಕ್ಕೆ ಅದು ಮೈನಸ್ 20ರಂತೆ, ಮೈನಸ್ 20ರಲ್ಲಿ ಅದೇ ಗಾಳಿಗೆ ಮೈನಸ್ 33ರಂತೆ. ಸರೋವರದ ಮೇಲೆ ಗಾಳಿಗೆ ಅಡ್ಡವಾಗಿ ಗಿಡವಿಲ್ಲ, ಗೋಡೆಯಿಲ್ಲ. ಮೂಗು, ಕೆನ್ನೆ, ಕಿವಿಯ ಅಂಚು ಮೊದಲು ಹೋಗುತ್ತವೆ. ಬಫ್ (ಕತ್ತು, ಮುಖ ಮುಚ್ಚುವ ಬಟ್ಟೆಯ ಪಟ್ಟಿ) ಎರಡು ಇಟ್ಟುಕೊಳ್ಳಿ, ಉಸಿರಿನ ತೇವಕ್ಕೆ ಒಂದು ಹಲಗೆಯಂತೆ ಸೆಟೆದುಕೊಂಡಾಗ ಇನ್ನೊಂದಕ್ಕೆ ಬದಲಾಯಿಸಬಹುದು. ಮುಖಕ್ಕೆ ವ್ಯಾಸಲೀನ್ ಬಳಿದರೆ ಬೆಚ್ಚಗಿರುತ್ತದೆ ಅನ್ನುವುದು ಭ್ರಮೆ, ಅದನ್ನು ತೊಡೆ ಉಜ್ಜಿಕೊಳ್ಳುವ ಕಡೆಗೆ ಬಳಸಿ. ಆದರೆ ಸನ್‌ಸ್ಕ್ರೀನ್, ಅತಿನೇರಳೆ ಕಿರಣ ತಡೆಯುವ ಯುವಿ 400 ಕನ್ನಡಕ ಕಡ್ಡಾಯ. ಬಿಳಿ ಮಂಜಿನಿಂದ ತಿರುಗಿ ಬರುವ ಬಿಸಿಲು ಕಣ್ಣು ಸುಡುತ್ತದೆ, ನೋವು ಶುರುವಾಗುವುದು ಕೆಲವು ಗಂಟೆ ಕಳೆದ ಮೇಲೆ. ಉಬ್ಬಸವಿರುವವರು ಇನ್ಹೇಲರನ್ನು ಒಳಜೇಬಿನಲ್ಲಿಡಿ, ತಣ್ಣಗಾದರೆ ಅದು ಸರಿಯಾಗಿ ಚಿಮ್ಮುವುದಿಲ್ಲ.

ಶೂ ವಿಚಾರದಲ್ಲಿ ಹೆಚ್ಚಿನವರು ಎಡವುತ್ತಾರೆ, ಅಕ್ಷರಶಃ. ರಸ್ತೆಯ ಶೂಗಳ ಜಾಲರಿಯಲ್ಲಿ ಗಾಳಿ ನೇರ ಒಳಗೆ ನುಗ್ಗುತ್ತದೆ. ಬೆರಳಿನ ಭಾಗಕ್ಕೆ ಹೊರಗಿನಿಂದ ಡಕ್ಟ್ ಟೇಪ್ ಸುತ್ತಿದರೆ ಸಾಕು, ಹೊಸ ಶೂ ಬೇಕಿಲ್ಲ. ಅರ್ಧ ಸೈಜ್ ದೊಡ್ಡದಿರಲಿ. ಎರಡೆರಡು ಸಾಕ್ಸ್ ತುರುಕಿದರೆ ರಕ್ತ ಓಡಾಡದೆ ಬೆರಳು ಇನ್ನೂ ಬೇಗ ಮರಗಟ್ಟುತ್ತವೆ, ಒಂದೇ ಒಳ್ಳೆ ಉಣ್ಣೆಯ ಸಾಕ್ಸ್ ಸಾಕು. ಬರಿ ಮಂಜುಗಡ್ಡೆಗೆ ಮೈಕ್ರೋಸ್ಪೈಕ್ ಬೇಕು: ರಬ್ಬರ್ ಪಟ್ಟಿಗೆ ಸರಪಳಿ, ಸರಪಳಿಗೆ ಉಕ್ಕಿನ ಮೊಳೆಗಳು. ರಬ್ಬರ್ ಚಳಿಗೆ ಗಡುಸಾಗುವುದರಿಂದ ರೂಮಿನೊಳಗೇ ಹಾಕಿಕೊಳ್ಳಿ. ಪಟ್ಟಿ ಬೆರಳುಗಳ ಮೇಲೆ ಬಿಗಿದಿದ್ದರೆ ಒಂದು ಸೈಜ್ ದೊಡ್ಡದಕ್ಕೆ ಹೋಗಿ. ಹೆಜ್ಜೆ ಚಿಕ್ಕದಿರಲಿ, ಪಾದ ಸೊಂಟದ ನೇರಕ್ಕೆ ಚಪ್ಪಟೆಯಾಗಿ ಇಳಿಯಲಿ, ಮುಂಗಾಲಿನಿಂದ ಚಿಮ್ಮಬೇಡಿ. ಕ್ಯಾಲ್ಫ್ ಹಿಡಿದುಕೊಳ್ಳುವುದು ಈ ಹೊಸ ನಡೆಯಿಂದಲೇ. ಊರಿನಲ್ಲಿರುವಾಗಲೇ ವಾರಕ್ಕೊಮ್ಮೆ ಮರಳಿನ ಮೇಲೋ ಸಡಿಲ ಮಣ್ಣಿನ ಮೇಲೋ ಹೀಗೆ ಓಡಿ ಅಭ್ಯಾಸ ಮಾಡಿಕೊಳ್ಳಬಹುದು. ನಂದಿ ಬೆಟ್ಟದ ಏರು ಓಟ ಕಾಲಿಗೆ ಒಳ್ಳೆಯದು, ಎತ್ತರದ ಅಭ್ಯಾಸಕ್ಕೆ ಏನೂ ಉಪಯೋಗವಿಲ್ಲ. ಆನ್‌ಲೈನಿನಲ್ಲಿ ಸಿಗುವ ‘ಆಲ್ಟಿಟ್ಯೂಡ್ ಮಾಸ್ಕ್’ ಕೂಡ ಅಷ್ಟೇ, ಉಸಿರಾಟ ಕಷ್ಟವಾಗುತ್ತದೆ ಹೊರತು ರಕ್ತದಲ್ಲಿ ಎತ್ತರದ ಬದಲಾವಣೆ ಆಗುವುದಿಲ್ಲ. ಮಿಟನ್ ಹಾಕಿಕೊಂಡೇ ಜಿಪ್ ಎಳೆಯುವುದು, ಎನರ್ಜಿ ಜೆಲ್ ಪೊಟ್ಟಣ ಹರಿಯುವುದು ರೂಢಿಯಾದರೆ ಅದು ನಿಜವಾದ ತಯಾರಿ.

ಬೆನ್ನಿಗೆ ಹಾಕಿಕೊಂಡು ಕೊಳವೆಯಿಂದ ಕುಡಿಯುವ ನೀರಿನ ಚೀಲವಿದ್ದರೆ, ಚೀಲಕ್ಕಿಂತ ಕೊಳವೆ ಮೊದಲು ಹೆಪ್ಪುಗಟ್ಟುತ್ತದೆ. ಪ್ರತಿ ಬಾರಿ ಕುಡಿದ ಮೇಲೆ ಕೊಳವೆಯ ನೀರನ್ನು ಊದಿ ಚೀಲಕ್ಕೆ ವಾಪಸು ಕಳಿಸಿ. ಅದಕ್ಕಿಂತ ಸುಲಭವೆಂದರೆ ಅರ್ಧ ಲೀಟರಿನ ಬಾಟಲಿಯಲ್ಲಿ ಬಿಸಿನೀರು ತುಂಬಿ ಜಾಕೆಟ್ ಒಳಗೆ ತಲೆಕೆಳಗಾಗಿ ಇಡುವುದು. ಗಡ್ಡೆ ಮೇಲ್ಭಾಗದಲ್ಲಿ ಕಟ್ಟುವುದರಿಂದ ಮುಚ್ಚಳದ ಕಡೆ ತೆರೆದೇ ಇರುತ್ತದೆ. ಬಾಯಾರಿಕೆ ಗೊತ್ತಾಗುವುದಿಲ್ಲ, ಒಣಗಾಳಿ ಮಾತ್ರ ಉಸಿರಿನಲ್ಲೇ ನೀರು ಎಳೆಯುತ್ತಿರುತ್ತದೆ, ಹಾಗಾಗಿ 20 ನಿಮಿಷಕ್ಕೊಮ್ಮೆ ಎರಡು ಗುಟುಕು. ಖರ್ಜೂರ, ಜೆಲ್, ಫೋನ್ ಎಲ್ಲವೂ ಮೈಬಿಸಿ ತಾಗುವ ಜೇಬಿನಲ್ಲಿರಲಿ.

ವೇಗದ ಬಗ್ಗೆ: ಬೆಂಗಳೂರಿನಲ್ಲಿ ಕಿಲೋಮೀಟರಿಗೆ 6 ನಿಮಿಷದವರು ಇಲ್ಲಿ 8 ನಿಮಿಷಕ್ಕೆ ಲೆಕ್ಕ ಹಾಕಿಕೊಳ್ಳಲಿ. ಒಂದು ಪೂರ್ತಿ ವಾಕ್ಯ ಮಾತಾಡಲು ಆಗದಿದ್ದರೆ ನಡೆಯಿರಿ.

ಮುಗಿದ ಕೂಡಲೇ ಪದಕ ಹಿಡಿದು ಫೋಟೊಗೆ ನಿಲ್ಲುವ ಮೊದಲು ಒದ್ದೆ ಬಟ್ಟೆ ಬಿಚ್ಚಿ. ಒಣ ಬನಿಯನ್, ಸಾಕ್ಸ್, ಟೋಪಿ, ಪಫರ್ ಇರುವ ಚೀಲ ಫಿನಿಶ್ ಲೈನಿನಲ್ಲಿ ಕಾಯುತ್ತಿರಬೇಕು. ಬಿಳಿಚಿಕೊಂಡ ಬೆರಳನ್ನು ಉಜ್ಜಬೇಡಿ, ಬುಖಾರಿಯ (ರೂಮು ಬೆಚ್ಚಗಿಡುವ ಒಲೆ) ಹತ್ತಿರ ಹಿಡಿಯಬೇಡಿ, ಮರಗಟ್ಟಿದ ಚರ್ಮಕ್ಕೆ ಸುಟ್ಟಿದ್ದು ಗೊತ್ತಾಗುವುದಿಲ್ಲ. ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ. ಹತ್ತಿಪ್ಪತ್ತು ನಿಮಿಷದಲ್ಲಿ ಬಣ್ಣ, ಸ್ಪರ್ಶ ವಾಪಸು ಬರದಿದ್ದರೆ ವೈದ್ಯಕೀಯ ಡೇರೆಗೆ ಹೋಗಿ. ರಾತ್ರಿ ಬುಖಾರಿ ಉರಿಯುತ್ತಿರುವಾಗ ಕಿಟಕಿ ಪೂರ್ತಿ ಮುಚ್ಚಿ ಮಲಗಬಾರದು, ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ಅದು ತರುವ ತಲೆನೋವು ಎತ್ತರದ ತಲೆನೋವಿನ ಹಾಗೇ ಇರುತ್ತದೆ.

ತಲೆನೋವಿನ ಜೊತೆ ನಡಿಗೆ ತೂರಾಡುತ್ತಿದೆಯೇ ನೋಡಲು ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸಿ ನೇರ ಗೆರೆಯ ಮೇಲೆ ಹತ್ತು ಹೆಜ್ಜೆ ನಡೆಸಿ. ಆಗದಿದ್ದರೆ, ಅಥವಾ ಸುಮ್ಮನೆ ಕೂತಾಗಲೂ ಏದುಸಿರು, ಕೆಮ್ಮು ಇದ್ದರೆ, ಆಮ್ಲಜನಕ ಹಚ್ಚಿ ಕೆಳಗಿಳಿಸಬೇಕು. ಆದರೆ ಲೇಹ್‌ನ ದಾರಿ ಚಾಂಗ್ ಲಾ ಮೇಲೆಯೇ ಹೋಗುವುದರಿಂದ ಇಳಿಯುವ ಮೊದಲು ಏರಬೇಕು. ಆದ್ದರಿಂದ ಸಿಲಿಂಡರ್ ಇಲ್ಲದ ಗಾಡಿಯಲ್ಲಿ ಹೊರಡಬೇಡಿ, ಸಿಲಿಂಡರ್ ಸಿಕ್ಕಿದ ಮೇಲೆ ಬೆಳಗಾಗಲಿ ಅಂತ ಕಾಯಬೇಡಿ.