ವಾಲ್ನೂರಿನ ಹೊಳೆಯಲ್ಲಿ ಗಾಳ ಹಾಕಿ ಕೂತು

ಕೊಡಗಿಗೆ ಹೋಗಿ ಬಂದವರನ್ನು ಏನು ನೋಡಿದಿರಿ ಅಂತ ಕೇಳಿದರೆ ಒಂದು ಪಟ್ಟಿಯೇ ಬರುತ್ತದೆ. ರಾಜಾಸೀಟು, ಅಬ್ಬಿ ಜಲಪಾತ, ದುಬಾರೆ ಆನೆ ಶಿಬಿರ, ನಿಸರ್ಗಧಾಮ, ಬೈಲುಕುಪ್ಪೆಯ ಬುದ್ಧ (ಅದು ಮೈಸೂರು ಜಿಲ್ಲೆಗೆ ಸೇರಿದ್ದು, ಇರಲಿ ಬಿಡಿ). ಎಲ್ಲವೂ ಶನಿವಾರ ಭಾನುವಾರದೊಳಗೆ. ಸೋಮವಾರ ಆಫೀಸಿಗೆ ಬಂದು ಆಕಳಿಸುತ್ತಾ ಕೂರುತ್ತಾರೆ. ನಾನೂ ಹಾಗೇ ಓಡಾಡಿದವನೇ. ಈ ಸಲ ಗೆಳೆಯ, "ನಮ್ಮ ಮಾವನ ತೋಟಕ್ಕೆ ಬಾ, ಏನೂ ನೋಡೋದು ಬೇಡ, ಸುಮ್ನೆ ಗಾಳ ಹಾಕ್ಕೊಂಡು ಕೂರೋಣ" ಅಂದ. ಹೊರಟುಬಿಟ್ಟೆ.

ಮೈಸೂರಿನಿಂದ ಹುಣಸೂರು, ಪಿರಿಯಾಪಟ್ಟಣ ದಾಟಿ ಕುಶಾಲನಗರ. ಈ ದಾರಿಯ ಬಗ್ಗೆ ಬರೆಯುವಂಥದ್ದು ಏನಿಲ್ಲ. ಗುಡ್ಡೆಹೊಸೂರಿನಲ್ಲಿ ಮಡಿಕೇರಿ ರಸ್ತೆ ಬಿಟ್ಟು ಸಿದ್ದಾಪುರದ ಕಡೆ ತಿರುಗಿದ ಮೇಲೆ ಗಾಳಿಯೇ ಬೇರೆ. ನಂಜರಾಯಪಟ್ಟಣದ ಹತ್ತಿರ ಪ್ರವಾಸಿಗಳ ಗಾಡಿಗಳೆಲ್ಲ ದುಬಾರೆಗೆ ಇಳಿದುಹೋಗುತ್ತವೆ. ಅಲ್ಲಿಂದ ಮುಂದೆ ರಸ್ತೆ ಖಾಲಿ. ಎರಡೂ ಕಡೆ ಕಾಫಿ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಅಲ್ಲಲ್ಲಿ 'ಆನೆ ಇದೆ ಎಚ್ಚರಿಕೆ' ಅನ್ನುವ ಬೋರ್ಡು. ಫೆಬ್ರವರಿ ಕೊನೆಯ ದಿನಗಳು. ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದಿತ್ತು. ಮನೆ ಮನೆಯ ಕಣದಲ್ಲೂ ಕಾಫಿ ಒಣಗುತ್ತಿತ್ತು.

ವಾಲ್ನೂರಿನಲ್ಲಿ ಕಾವೇರಿ ಅಗಲವಾಗಿ, ಬಂಡೆಗಳ ನಡುವೆ ಹರಿಯುತ್ತಾಳೆ. ಒಂದೆಡೆ ನೊರೆ, ಹತ್ತು ಹೆಜ್ಜೆ ಆಚೆ ಹಸಿರುಗಪ್ಪು ಮಡು. ಮಹಶೀರ್ ಅನ್ನುವ ಮೀನಿಗೆ ಬೇಕಾದದ್ದು ಇಂಥ ಜಾಗವೇ. ಗಾಳಿ ಬೆರೆತ ಓಡುವ ನೀರು, ಪಕ್ಕದಲ್ಲೇ ಅಡಗಲು ಆಳ. ಹೊಳೆ ಬದಿಯವರು ಅದನ್ನು ಬಿಳಿಮೀನು ಅನ್ನುತ್ತಾರೆ. ಈ ಭಾಗದಲ್ಲಿ ಅದನ್ನು ಉಳಿಸುವ ಕೆಲಸ ಬಹಳ ವರ್ಷಗಳಿಂದ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯದ್ದು. ಪರವಾನಗಿ ಇಲ್ಲದೆ ಗಾಳ ಇಳಿಸುವ ಹಾಗಿಲ್ಲ. ಹಿಡಿದ ಮೀನನ್ನು ವಾಪಸ್ ನೀರಿಗೇ ಬಿಡಬೇಕು.

"ಹಿಡಿದು ಬಿಡೋದಾದರೆ ಹಿಡಿಯೋದು ಯಾಕೆ ಮಾವ?" ಅಂತ ಕೇಳಿದೆ.

"ಅದನ್ನ ಹಿಡಿದ ಮೇಲೆ ಕೇಳು ಮಾರಾಯ" ಅಂದರು.

ಬೆಳಿಗ್ಗೆ ಕಣದಲ್ಲಿ ಕಾಫಿ ಹರಡುವ ಕೆಲಸ ಮುಗಿಸಿ ಮಾವ ಅಡುಗೆಮನೆಗೆ ಹೋದರು. ಗಾಳಕ್ಕೆ ಸಿಕ್ಕಿಸಲು ಪೇಟೆಯಲ್ಲಿ ಮಿರಮಿರ ಮಿಂಚುವ ಪ್ಲಾಸ್ಟಿಕ್ ಮೀನು, ತಗಡಿನ ಚಮಚದಂಥವು ಎಷ್ಟೋ ಬಂದಿವೆ. ಕಾವೇರಿಯ ಮಹಶೀರ್‌ಗೆ ಹಳೆಯ ಎರೆ ಅಂದರೆ ರಾಗಿಮುದ್ದೆ. ಊಟದ ಮುದ್ದೆ ಅಲ್ಲ. ರಾಗಿಹಿಟ್ಟನ್ನು ಬಿಗಿಯಾಗಿ ಕಲಸಿ, ಉಂಡೆ ಕಟ್ಟಿ ಕುದಿಯುವ ನೀರಿಗೆ ಬಿಡಬೇಕು. ಬೆಂದದ್ದನ್ನು ತೆಗೆದು ಕೈ ಸುಡುತ್ತಿರುವಾಗಲೇ ನಾದಬೇಕು. ಜಿಗುಟು ಬರುವ ತನಕ ನಾದಬೇಕು, ಇಲ್ಲದಿದ್ದರೆ ನೀರಿನ ಸೆಳೆತಕ್ಕೆ ಕರಗಿಹೋಗುತ್ತದೆ. ಮಾವ ಒಂದು ಉಂಡೆಯನ್ನು ಗೋಡೆಗೆ ಎಸೆದರು. ಟಪ್ ಅಂತ ಬಡಿದು ಇಡಿಯಾಗಿ ಕೆಳಗೆ ಬಿತ್ತು. "ಆಯ್ತು" ಅಂದರು. ಅತ್ತೆ ಗೋಡೆ ಒರೆಸುತ್ತಾ ಏನೋ ಗೊಣಗಿದರು. ಕೊಡವ ತಕ್ಕಿನಲ್ಲಿ ಅಂದದ್ದರಿಂದ ನನಗೆ ತಿಳಿಯಲಿಲ್ಲ. ಗೆಳೆಯ ಮಾತ್ರ ನಕ್ಕ.

ಹೊಳೆಗೆ ಇಳಿದಾಗ ಬಿಸಿಲು ಚೆನ್ನಾಗಿ ಬಂದಿತ್ತು. ಕತ್ತಲಿರುವಾಗಲೇ ಹೋಗೋಣ ಅಂತ ನನ್ನ ಆಸೆ. ರಾತ್ರಿ ತೋಟದಲ್ಲಿ ಹಲಸಿನ ಮರ ಹುಡುಕಿಕೊಂಡು ಬಂದ ಆನೆಗಳು ಯಾವ ದಾರಿಯಲ್ಲಿ ವಾಪಸ್ ಹೋಗುತ್ತವೋ ಹೇಳೋಕಾಗಲ್ಲ ಅಂತ ಮಾವ ಒಪ್ಪಲಿಲ್ಲ. ಈ ವಿಷಯದಲ್ಲಿ ಊರವರ ಮಾತು ಕೇಳುವುದೇ ಸರಿ.

ಇಕ್ಕಳ ತೆಗೆದು ಗಾಳದ ಹಿಮ್ಮುಳ್ಳನ್ನು ಒತ್ತಿ ಚಪ್ಪಟೆ ಮಾಡಿಕೊಟ್ಟರು. ಹಾಗೆ ಮಾಡಿದರೆ ಮೀನಿನ ಬಾಯಿ ಹರಿಯದೆ ಗಾಳ ಸಲೀಸಾಗಿ ಬಿಡುತ್ತದೆ. ಸೀಸದ ಗುಂಡು, ನಿಂಬೆಹಣ್ಣಿನ ಗಾತ್ರದ ರಾಗಿ ಉಂಡೆ. ಬೀಸಿ ಎಸೆದು, ರೀಲಿನಿಂದ ಹೊರಟ ದಾರವನ್ನು ತೋರುಬೆರಳ ಮೇಲೆ ಇಟ್ಟುಕೊಂಡು ಬಂಡೆ ಮೇಲೆ ಕೂರುವುದು. ಅಷ್ಟೇ ಕೆಲಸ.

ಮೊದಲು ಫೋನು ನೆನಪಾಗುತ್ತದೆ. ಅಲ್ಲಿ ಸಿಗ್ನಲ್ ಇಲ್ಲ. ಆಮೇಲೆ ಆಫೀಸು, ಸಾಲದ ಕಂತು, ಯಾರೋ ಎಂದೋ ಅಂದ ಮಾತು. ಆದರೆ ಬೆರಳ ಮೇಲೆ ದಾರ ಇದೆಯಲ್ಲ, ಅದು ಆಗಾಗ ಮಿಡಿಯುತ್ತದೆ. ಮೀನೋ, ಸೆಳೆತವೋ, ಕೆಳಗೆ ಏಡಿ ಕೆರೆಯುತ್ತಿದೆಯೋ? ಗಮನ ಅಲ್ಲಿಗೆ ಹೋಗಲೇಬೇಕು. ಧ್ಯಾನಕ್ಕೆ ಅಂತ ಕಣ್ಣು ಮುಚ್ಚಿ ಕೂತಾಗ ನನಗೆ ಬರೀ ನಿದ್ದೆ ಬಂದದ್ದುಂಟು. ಇಲ್ಲಿ ನಿದ್ದೆಗೆ ಅವಕಾಶವೇ ಇಲ್ಲ. ಎದುರು ದಡದ ಬಂಡೆಯಲ್ಲಿ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುತ್ತಿತ್ತು. ಮಿಂಚುಳ್ಳಿ ಒಂದೇ ಕೊಂಬೆಯಿಂದ ಮತ್ತೆ ಮತ್ತೆ ನೀರಿಗೆ ಬಿದ್ದು ಏಳುತ್ತಿತ್ತು. ನಮಗಿಂತ ಅದರ ಸಂಪಾದನೆಯೇ ಜಾಸ್ತಿ. ಸ್ವಲ್ಪ ಕೆಳಗೆ ನೀರುನಾಯಿಗಳ ಒಂದು ಗುಂಪು ಸೀಟಿ ಹೊಡೆದ ಹಾಗೆ ಕೂಗುತ್ತಾ ದಾಟಿತು. "ಇನ್ನು ಒಂದು ಗಂಟೆ ಮೀನು ಬಾಯಿ ಹಾಕಲ್ಲ" ಅಂದು ಮಾವ ಬುತ್ತಿ ಬಿಚ್ಚಿದರು.

ಬುತ್ತಿ ಮುಗಿದ ಮೇಲೆ, ಬಿಸಿಲು ಇಳಿಯುವ ಹೊತ್ತಿಗೆ ಬಂತು. ಎರಡು ಸಣ್ಣ ಮಿಡಿತ, ಆಮೇಲೆ ರಾಡು ಕೈಯಿಂದ ಕಿತ್ತುಹೋಗುವ ಹಾಗೆ ಒಂದು ಜಗ್ಗು. ರೀಲು ಚೀರತೊಡಗಿತು. "ತಡೀಬೇಡ, ಓಡಲಿ, ಓಡಲಿ ಬಿಡು!" ಅಂತ ಮಾವ ಬಂಡೆ ಮೇಲೆ ಎದ್ದು ನಿಂತು ಕೂಗುತ್ತಿದ್ದರು. ಅದು ಸೆಳೆತದ ಜೊತೆ ಕೆಳಕ್ಕೆ ಓಡಿತು, ಬಂಡೆಯ ಸಂದಿಗೆ ನುಗ್ಗಲು ನೋಡಿತು, ತಿರುಗಿತು. ನನ್ನ ತೋಳು ನಡುಗುತ್ತಿತ್ತು. ಇಷ್ಟೆಲ್ಲ ಮಾಡಿ ದಡಕ್ಕೆ ಬಂದದ್ದು ಮೊಳದುದ್ದದ ಮೀನು. "ಮಗು ಇದು" ಅಂದರು ಮಾವ.

ಮಗುವನ್ನು ನೀರಿನಿಂದ ಎತ್ತಲು ಬಿಡಲಿಲ್ಲ. ಕೈ ಒದ್ದೆ ಮಾಡಿಕೊಂಡು ಮುಟ್ಟಬೇಕು, ಒಣಕೈ ತಗುಲಿದರೆ ಮೈಮೇಲಿನ ಲೋಳೆ ಹೋಗಿ ಹುಣ್ಣಾಗುತ್ತದೆ. ಮಂಡಿಯುದ್ದ ನೀರಿನಲ್ಲಿ ಬಗ್ಗಿ ನೋಡಿದೆ. ಒಂದೊಂದು ಹುರುಪೆಯೂ ಬೇರೆ ಬೇರೆಯಾಗಿ ಎಣಿಸಬಹುದಾದಷ್ಟು ದೊಡ್ಡದು, ಅಂಚಿನಲ್ಲಿ ಮಾಸಿದ ಬಂಗಾರದ ಗೆರೆ. ರೆಕ್ಕೆಗಳಿಗೆ ನೀಲಿ ಛಾಯೆ. ದಪ್ಪ ತುಟಿ, ಬಾಯಿಯ ಬದಿಗೆ ಮೀಸೆ. ಬಾಯಲ್ಲಿ ಹಲ್ಲೇ ಇಲ್ಲ. ಹಲ್ಲು ಗಂಟಲಲ್ಲಿರುತ್ತವೆ, ಏಡಿ, ಶಂಖದ ಹುಳುವನ್ನು ಅಲ್ಲೇ ಪುಡಿ ಮಾಡುತ್ತದೆ. ದಡದ ಅತ್ತಿಮರದಿಂದ ಬಿದ್ದ ಹಣ್ಣನ್ನೂ ಬಿಡುವುದಿಲ್ಲ. ಮುಖವನ್ನು ಸೆಳೆತಕ್ಕೆ ಎದುರಾಗಿ ಹಿಡಿದು, ಕಿವಿರು ಸರಿಯಾಗಿ ಆಡುವವರೆಗೂ ಕಾಯಬೇಕು. ಮೊದಲು ಬೆರಳುಗಳ ನಡುವೆ ಸುಮ್ಮನೆ ತೂಗುತ್ತಿದ್ದ ಮೈ ನಿಧಾನವಾಗಿ ಬಿಗಿಯಾಯಿತು. ಬಾಲ ಒಂದು ಸಲ ಬಡಿಯಿತು. ಹೋಯಿತು.

ನಾನು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ನಾನು ಹಿಡಿದಂಥ ನೀಲಿ ರೆಕ್ಕೆಯ ಮಹಶೀರ್ ಕಾವೇರಿಯ ಮೂಲದ ಮೀನಲ್ಲ ಅನ್ನುವುದು ಬೇಸರದ ಕಥೆ. ಕೃಷ್ಣಾ ಕಡೆಯ ಹೊಳೆಗಳ ಈ ಜಾತಿಯನ್ನು ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ಕಂಪನಿಯವರು ಮರಿ ಮಾಡಿಸಿದರು. ಆ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಬೇರೆ ಹೊಳೆಗಳಿಗೂ ಬಿಟ್ಟರು. ಕಾವೇರಿಯ ಸ್ವಂತ ಮಹಶೀರ್ ಬೆನ್ನ ಮೇಲೆ ಡುಬ್ಬ ಇರುವ, ಕೇಸರಿ ಬಾಲದ ದೈತ್ಯ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಜಗತ್ತಿನಲ್ಲಿ ಎಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು, ಅಂದರೆ ಸುಮಾರು 54 ಕಿಲೋ. ಇಷ್ಟು ಹೆಸರು ಮಾಡಿದ ಮೀನು ಯಾವ ಜಾತಿ ಅಂತ ವಿಜ್ಞಾನಿಗಳು ಖಚಿತಪಡಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನ ಕಟ್ಟಕಡೆಯ ಪಟ್ಟಿಗೂ ಸೇರಿತು. ಅಣೆಕಟ್ಟು, ಮರಳು ತೆಗೆಯುವುದು, ತೋಟೆ ಸಿಡಿಸಿ ಮೀನು ಹಿಡಿಯುವುದು, ಎಲ್ಲವೂ ಸೇರಿ ಆದ ಕೆಲಸ. ತೋಟೆಯ ಮಾತು ಬಂದರೆ ಮಾವನ ಮುಖ ಕೆಂಪಾಗುತ್ತದೆ. ಒಂದು ತೋಟೆಗೆ ಮಡುವಿನ ಮೀನೆಲ್ಲ ಮರಿಗಳ ಸಮೇತ ಹೊಟ್ಟೆ ಮೇಲಾಗಿ ತೇಲುತ್ತದೆ. ನಾಲ್ಕು ಹೆಕ್ಕಿಕೊಂಡು ಉಳಿದದ್ದನ್ನು ಬಿಟ್ಟು ಹೋಗುತ್ತಾರೆ.

ಹಾಗಂತ ಮಾವನ ಮನೆಯಲ್ಲಿ ಮೀನು ತಿನ್ನುವುದಿಲ್ಲ ಅಂದುಕೊಳ್ಳಬೇಡಿ. ಮಾರನೇ ದಿನ ತೋಟದ ಕೆರೆಯಲ್ಲಿ ಬಿದಿರು ಕೋಲು, ಎರೆಹುಳು ಹಿಡಿದು ಕೂತೆವು. ಅಲ್ಲಿ ರೀಲೂ ಇಲ್ಲ, ನಿಯಮವೂ ಇಲ್ಲ. ಮನೆಯ ಮಕ್ಕಳು ಗಲಾಟೆ ಮಾಡುತ್ತಾ ಗೆಂಡೆ ಎಳೆದು ಹಾಕುತ್ತಿದ್ದರು. ಅತ್ತೆ ಅದಕ್ಕೆ ಕಾಚಂಪುಳಿ ಹಾಕಿ ಸಾರು ಮಾಡಿದರು. ಪುಳಿ ಹಣ್ಣಿನ ರಸವನ್ನು ಕಪ್ಪಗೆ ಗಟ್ಟಿಯಾಗುವ ತನಕ ಕಾಯಿಸಿದ ಹುಳಿ ಅದು, ಒಂದು ಚಮಚ ಸಾಕು. ಹುಣಸೆಹುಳಿಯ ಮೀನುಸಾರು ತಿಂದು ಬೆಳೆದ ನಾನು ಪಕ್ಷ ಬದಲಿಸಿದ್ದೇನೆ. ಅಕ್ಕಿರೊಟ್ಟಿ ಎಷ್ಟು ತಿಂದೆ ಅನ್ನುವುದು ಇಲ್ಲಿ ಬೇಡ.

ಊಟ ಆದ ಮೇಲೆ ಜಗುಲಿಯಲ್ಲಿ ಕೂತಾಗ ಹೊಳೆ ಕಡೆಯಿಂದ ಪಂಪಿನ ಸದ್ದು ಕೇಳುತ್ತಿತ್ತು. ಒಂದಲ್ಲ, ಸಾಲುಸಾಲು. ಹೂಮಳೆ ತಡವಾದರೆ ಕಾಫಿ ಮೊಗ್ಗು ಅರಳುವುದಿಲ್ಲ, ಅದಕ್ಕೆ ಸ್ಪ್ರಿಂಕ್ಲರ್ ಹಾಕುತ್ತಾರೆ. ಹೊಳೆ ಬದಿಯ ತೋಟಗಳಿಗೆ ನೀರು ಹೊಳೆಯಿಂದಲೇ.

"ಹೀಗೆ ಎಳೆದರೆ ಮಡು ಉಳಿಯುತ್ತಾ ಮಾವ?"

"ಮಡು ಇಳಿದರೆ ಮೀನಿಗೆ ಕಷ್ಟ. ಹೂ ಬಾರದಿದ್ದರೆ ನನಗೆ ಕಷ್ಟ" ಅಂದರು. "ಅದರಲ್ಲಿ ಒಂದು ಪಂಪು ನನ್ನದೇ."

ಆಮೇಲೆ ಇಬ್ಬರೂ ಮೋಡ ನೋಡಿದೆವು. ಮಳೆಯ ಲಕ್ಷಣ ಇರಲಿಲ್ಲ. ಬೇಗ ಮಳೆ ಬಿದ್ದರೆ ಪಂಪು ನಿಲ್ಲಿಸುತ್ತೇನೆ, ಆಗ ಫೋನ್ ಮಾಡುತ್ತೇನೆ, ಹೂ ನೋಡೋಕೂ ಬಾ, ಗಾಳಕ್ಕೂ ಬಾ ಅಂದರು. ರಾಡು, ರೀಲು ಅವರ ಮನೆಯಲ್ಲೇ ಬಿಟ್ಟು ಬಂದಿದ್ದೇನೆ.