ಗಂಟೆ ಮೊಳಗುವ ತನಕ
2005ರಲ್ಲಿ ಕ್ಯಾಪ್ಕಾಮ್ ಹೊರತಂದ ‘ರೆಸಿಡೆಂಟ್ ಈವಿಲ್ 4’ ವಿಡಿಯೊ ಆಟವನ್ನು ನಿನ್ನೆ ರಾತ್ರಿ ಮತ್ತೆ ಮೊದಲಿನಿಂದ ಆರಂಭಿಸಿದೆ. ಕೊಡಲಿ ಹಿಡಿದ ಹಳ್ಳಿಗರು ಸುತ್ತುವರಿಯುತ್ತಿದ್ದಂತೆ ಮನೆಯೊಂದಕ್ಕೆ ನುಗ್ಗಿ, ಮಹಡಿಯ ಮೇಲಿದ್ದ ಶಾಟ್‌ಗನ್ ಎತ್ತಿಕೊಂಡಾಗಲೂ ಕೈ ಬೆವರುತ್ತಿತ್ತು. ಯಂತ್ರಗರಗಸದ ಸದ್ದು ಕೇಳಿದ ಮೇಲಂತೂ ಗುರಿ ನಿಲ್ಲಲೇ ಇಲ್ಲ. ಇಲ್ಲಿ ಗುರಿಯಿಡಬೇಕಾದರೆ ನಾವು ಆಡಿಸುವ ನಾಯಕ ಲಿಯಾನ್ ನಿಂತಲ್ಲೇ ನಿಲ್ಲಬೇಕು, ಒಂದು ಹೆಜ್ಜೆಯನ್ನೂ ಇಡುವಂತಿಲ್ಲ. 2023ರ ಮರುರೂಪದಲ್ಲಿ ನಡೆಯುತ್ತಲೇ ಗುಂಡು ಹಾರಿಸಬಹುದು, ಅದೂ ಸೊಗಸಾಗಿದೆ; ಆದರೆ ಓಡುವುದೋ ಎದುರಿಸುವುದೋ ಎಂಬುದನ್ನು ಪ್ರತಿ ಕ್ಷಣವೂ ನಾನೇ ತೀರ್ಮಾನಿಸಬೇಕಾದ ಆ ಹಳೆಯ ನಿಲುಗಡೆಯಲ್ಲೇ ನಿಜವಾದ ಭಯ ಹುಟ್ಟುತ್ತದೆ ಎಂದು ನನಗೆ ಅನಿಸುತ್ತದೆ. ಕೊನೆಗೆ ಚರ್ಚಿನ ಗಂಟೆ ಮೊಳಗಿ ಎಲ್ಲರೂ ಹೊರಟುಹೋದಾಗ, ಬರಿದಾದ ಆ ಚೌಕದಲ್ಲಿ ಬಹಳ ಹೊತ್ತು ಲಿಯಾನ್‌ನನ್ನು ಕದಲಿಸದೆ ಸುಮ್ಮನೆ ಕುಳಿತಿದ್ದೆ.