ಜರ್ಮನಿಯಿಂದ ಊರಿಗೆ ಹೊರಟ ಆಟದ ಪೆಟ್ಟಿಗೆ

ನವೆಂಬರ್ ಮುಗಿಯುತ್ತಿದ್ದಂತೆ ಜರ್ಮನಿಯ ಅಂಗಡಿಗಳಲ್ಲಿ ಬೋರ್ಡ್ ಗೇಮ್ ಇಟ್ಟಿರುವ ಗೋಡೆಯ ಮುಂದೆ ಜಾಗ ಸಿಗುವುದಿಲ್ಲ. ಆಟಿಕೆ ಅಂಗಡಿಯ ಮಾತು ಬಿಡಿ, ಪುಸ್ತಕದಂಗಡಿಯಲ್ಲೂ ಒಂದು ಮೂಲೆ ಪೂರ್ತಿ ಚೌಕ ಪೆಟ್ಟಿಗೆಗಳದ್ದೇ. ಇಲ್ಲಿ ಉಡುಗೊರೆ ಬಿಚ್ಚುವುದು ಡಿಸೆಂಬರ್ 24ರ ಸಂಜೆ. ಆಮೇಲೆ ಎರಡು ದಿನ ಅಂಗಡಿ ಬಂದ್, ಹೊರಗೆ ಸಂಜೆ ಐದರೊಳಗೇ ಕತ್ತಲು. ಅಜ್ಜಿಯಿಂದ ಮೊಮ್ಮಗನವರೆಗೆ ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಆಡುವ ಆಟ ಬೇಕೇ ಬೇಕು.

ಇದೇ ಹೊತ್ತಿಗೆ ರಜೆಗೆ ಊರಿಗೆ ಹೊರಟ ಕನ್ನಡಿಗರ ಸೂಟ್‌ಕೇಸಿನಲ್ಲೂ ಚಾಕೊಲೇಟಿನ ಪಕ್ಕ ಇಂಥದ್ದೊಂದು ಪೆಟ್ಟಿಗೆ ಸೇರುತ್ತದೆ. ಹಾಗೆ ಬಂದ ಪೆಟ್ಟಿಗೆ ಒಂದು ಸಲ ಬಿಚ್ಚಿಸಿಕೊಂಡು ಅಟ್ಟ ಸೇರುವುದೂ ಅಷ್ಟೇ ಮಾಮೂಲು. ಅದರಲ್ಲಿ ಆಟದ ತಪ್ಪು ಇರುವುದು ಕಡಿಮೆ. ಎಲೆಗಳ (ಕಾರ್ಡುಗಳ) ಮೇಲೆಲ್ಲ ಜರ್ಮನ್ ಇರುತ್ತದೆ, ಇಲ್ಲವೆ ಇಬ್ಬರೇ ಇರುವ ಮನೆಗೆ ಮೂವರು ಬೇಕಾದ ಆಟ ಹೋಗಿರುತ್ತದೆ. ಇವೆರಡೂ ಸರಿ ಇದ್ದರೆ ನಿಯಮ ಓದಿ ಹೇಳುವವರು ಇರುವುದಿಲ್ಲ.

ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಪೆಟ್ಟಿಗೆಯ ಮೇಲಿನ ಕೆಂಪು ಕಾಯಿಯ ಗುರುತು. ಅದು ‘ಶ್ಪೀಲ್ ಡೆಸ್ ಯಾರೆಸ್’, ಅಂದರೆ ‘ವರ್ಷದ ಆಟ’ ಪ್ರಶಸ್ತಿ. 1979ರಿಂದ ಆಟಗಳ ವಿಮರ್ಶಕರೇ ತೀರ್ಪುಗಾರರಾಗಿ ಕೊಡುತ್ತ ಬಂದಿದ್ದಾರೆ. ಮಕ್ಕಳ ಆಟಕ್ಕೆ 2001ರಿಂದ ನೀಲಿ ಕಾಯಿ, ಒಂದಿಷ್ಟು ಪಳಗಿದವರ ಆಟಕ್ಕೆ 2011ರಿಂದ ಕಡುಬೂದು ಕಾಯಿ. ಬಣ್ಣ ನೋಡದೆ ಕೊಳ್ಳುವವರು ಎಡವುವುದು ಇಲ್ಲೇ. ಬೂದು ಕಾಯಿಯ ಆಟ ‘ಇನ್ನೂ ಒಳ್ಳೆಯದು’ ಅಂತ ಅರ್ಥವಲ್ಲ, ‘ನಿಯಮ ಹೆಚ್ಚು’ ಅಂತ. 2019ರಲ್ಲಿ ಬೂದು ಕಾಯಿ ಪಡೆದ ‘ವಿಂಗ್‌ಸ್ಪ್ಯಾನ್’ನಲ್ಲಿ 170 ಹಕ್ಕಿಗಳ ಎಲೆಗಳಿವೆ, ಬಹುಪಾಲು ಎಲೆಗಳಲ್ಲಿ ಓದಿ ಪಾಲಿಸಬೇಕಾದ ಒಂದು ಸಾಲು. ಹಕ್ಕಿ ನೋಡುವ ಹುಚ್ಚಿರುವವರಿಗೆ ಇದಕ್ಕಿಂತ ಚೆಂದದ ಉಡುಗೊರೆಯಿಲ್ಲ. ಆದರೆ ಹಾವು ಏಣಿಯಿಂದ ನೇರ ಇದಕ್ಕೆ ಹಾರಿದರೆ ಮೊದಲ ಸಂಜೆಯೇ ತಲೆನೋವು. ಇನ್ನೊಂದು ವಿಷಯ: ಇದರ ಜರ್ಮನ್ ಪೆಟ್ಟಿಗೆಯ ಮೇಲೆ ‘ಫ್ಲ್ಯೂಗಲ್‌ಶ್ಲಾಗ್’ ಎಂದಿರುತ್ತದೆ, ರೈಲಿನ ಆಟ ‘ಟಿಕೆಟ್ ಟು ರೈಡ್’ ಮೇಲೆ ‘ತ್ಸೂಗ್ ಉಮ್ ತ್ಸೂಗ್’. ಹೆಸರು ಬೇರೆಯಾದರೂ ಆಟ ಒಂದೇ.

ಭಾಷೆಯ ಪ್ರಶ್ನೆಯನ್ನು ಎರಡಾಗಿ ನೋಡಬೇಕು. ನಿಯಮದ ಪುಸ್ತಕ ಜರ್ಮನ್‌ನಲ್ಲಿದ್ದರೆ ಚಿಂತೆಯಿಲ್ಲ, ಹೆಚ್ಚಿನ ಪ್ರಕಾಶಕರು ಇಂಗ್ಲಿಷ್ ಪಿಡಿಎಫ್ ಅನ್ನು ಪುಕ್ಕಟೆಯಾಗಿ ಕೊಡುತ್ತಾರೆ. ತೊಂದರೆ ಆಡುವ ಎಲೆ, ಬಿಲ್ಲೆಗಳ ಮೇಲೆ ಬರಹ ಇದ್ದಾಗ. ಅದಕ್ಕೇ ಪೆಟ್ಟಿಗೆಯ ಹಿಂಬದಿಯ ಚಿತ್ರದಲ್ಲಿ ಎಲೆಗಳನ್ನು ಹತ್ತಿರದಿಂದ ನೋಡಿ. ‘ಕಾರ್ಕಸೋನ್’, ‘ಅಜುಲ್’, ‘ಕ್ವರ್ಕಲ್’, ‘ಕಿಂಗ್‌ಡೊಮಿನೊ’, ‘ದಿಕ್ಸಿತ್’ ಇವುಗಳ ಆಡುವ ಸಾಮಾನಿನ ಮೇಲೆ ಓದುವುದು ಏನೂ ಇಲ್ಲ, ಯಾವ ದೇಶದಲ್ಲಿ ಕೊಂಡರೂ ಒಂದೇ. ‘ಟಿಕೆಟ್ ಟು ರೈಡ್’ ಯುರೋಪ್‌ನಲ್ಲಿ ಊರ ಹೆಸರುಗಳು ಮಾತ್ರ. ಅವೂ ಹಳೆಯವು: ಅಂಕಾರಾಕ್ಕೆ ಅಂಗೋರಾ, ಇಜ್ಮಿರ್‌ಗೆ ಸ್ಮಿರ್ನಾ, ಸೇಂಟ್ ಪೀಟರ್ಸ್‌ಬರ್ಗ್‌ಗೆ ಪೆಟ್ರೊಗ್ರಾಡ್. ಆ ಊರು ನಕಾಶೆಯಲ್ಲಿ ಎಲ್ಲಿದೆ ಎಂದು ಟಿಕೆಟ್ ಎಲೆಯ ಮೇಲೇ ತೋರಿಸಿರುವುದರಿಂದ ಹುಡುಕಾಟ ಕಡಿಮೆ. ‘ಕಟಾನ್’ನಲ್ಲಿ 25 ಎಲೆಗಳ ಮೇಲೆ ಬರಹವಿದೆ, ಒಂದು ಚೀಟಿಯಲ್ಲಿ ಕನ್ನಡ ಅರ್ಥ ಬರೆದಿಟ್ಟರೆ ನಡೆಯುತ್ತದೆ. ‘ಕೋಡ್‌ನೇಮ್ಸ್’, ‘ಜಸ್ಟ್ ಒನ್’ ಪೂರ್ತಿ ಪದಗಳ ಆಟ, ಜರ್ಮನ್ ಪ್ರತಿ ಊರಿಗೆ ತಂದರೆ ಪೆಟ್ಟಿಗೆ ಮಾತ್ರ ಬಂದಂತೆ. ಆದರೆ ‘ಕೋಡ್‌ನೇಮ್ಸ್’ನ ಜೀವ ಇರುವುದು 25 ಪದಗಳ ಚೌಕದಲ್ಲಿ ಮತ್ತು ಯಾವ ಪದ ಯಾರದೆಂದು ತೋರಿಸುವ ಕೀಲಿ ಎಲೆಯಲ್ಲಿ. ಖಾಲಿ ಚೀಟಿಗಳ ಮೇಲೆ ‘ಕೊಡೆ’, ‘ತಲೆ’, ‘ಬಾಳೆ’, ‘ಕಾಲು’ ಥರದ ಎರಡರ್ಥದ ಪದಗಳನ್ನು ಬರೆದುಕೊಂಡರೆ ಕನ್ನಡದಲ್ಲಿ ಮೂಲಕ್ಕಿಂತ ಮಜಾ ಬರುತ್ತದೆ. ನೂರು ಚೀಟಿ ಸಾಕು.

ತಲೆ ಎಣಿಕೆಗೆ ಬರೋಣ. ಪೆಟ್ಟಿಗೆಯ ಮೇಲೆ ‘2–5’ ಎಂದಿದ್ದರೆ ನಾಲ್ಕೂ ಸಂಖ್ಯೆಯಲ್ಲಿ ಆಟ ಒಂದೇ ಥರ ಚೆನ್ನಾಗಿರುತ್ತದೆಂದು ನಂಬಬೇಡಿ. ಬೋರ್ಡ್‌ಗೇಮ್‌ಗೀಕ್ ತಾಣದಲ್ಲಿ ಪ್ರತಿ ಆಟದ ಪುಟದಲ್ಲಿ ಎಷ್ಟು ಜನ ಆಡಿದರೆ ಚೆನ್ನ ಎಂದು ಆಡಿದವರೇ ಹಾಕಿದ ಮತ ಇರುತ್ತದೆ. ಪಕ್ಕದಲ್ಲೇ 5ಕ್ಕೆ ಇಷ್ಟು ಎಂದು ಆಟದ ತೂಕ, ಅಂದರೆ ಆಟ ಎಷ್ಟು ಕಷ್ಟ ಎಂಬುದು. ಆ ತೂಕ ಎರಡರ ಆಸುಪಾಸಿನಲ್ಲಿದ್ದರೆ ಹೊಸಬರಿಗೆ ಸಲೀಸು, ಮೂರು ದಾಟಿದರೆ ಅದಕ್ಕೆಂದೇ ಕೂರುವವರು ಬೇಕು. ವಿಮರ್ಶೆ ಓದುವಾಗ ಒಟ್ಟು ಅಂಕಕ್ಕಿಂತ ಈ ಎರಡನ್ನು ನೋಡಿ. ಎಷ್ಟು ಸಲ, ಎಷ್ಟು ಜನರೊಂದಿಗೆ ಆಡಿ ಬರೆದದ್ದು ಎಂದು ಹೇಳದ ವಿಮರ್ಶೆಯನ್ನು ಅರ್ಧ ಮಾತ್ರ ನಂಬಿ. ಮೂರು ಸಲವಾದರೂ ಆಡದೆ, ಸೋತವನಿಗೆ ಮತ್ತೆ ಆಡಬೇಕೆನಿಸುತ್ತದೋ ಇಲ್ಲವೋ ಹೇಳಲಾಗದು. ಪೆಟ್ಟಿಗೆಯ ಮೇಲೆ ಬರೆದ ನಿಮಿಷಗಳಿಗೆ ಮೊದಲ ಆಟದಲ್ಲಿ ಅರ್ಧದಷ್ಟು ಸೇರಿಸಿಕೊಳ್ಳಿ.

ಇನ್ನು ಕಟಾನ್. 1995ರ ಕೆಂಪು ಕಾಯಿ, ಕ್ಲಾಸ್ ಟಾಯ್ಬರ್ ರಚಿಸಿದ ಆಟ, ಜರ್ಮನ್ ಆಟಗಳನ್ನು ಜಗತ್ತಿಗೆ ಪರಿಚಯಿಸಿದ್ದು ಇದೇ. ಆದರೆ ಇದು 3–4 ಜನರ ಆಟ. ಇಬ್ಬರೇ ಇರುವ ಮನೆಗೆ ಕೊಡಬೇಡಿ. 19 ಷಟ್ಕೋನ ಬಿಲ್ಲೆಗಳ ದ್ವೀಪ, ಮರುಭೂಮಿ ಬಿಟ್ಟು ಉಳಿದ 18ರ ಮೇಲೆ ಒಂದೊಂದು ಸಂಖ್ಯೆ. ಎರಡು ದಾಳ ಹಾಕಿ, ಬಂದ ಸಂಖ್ಯೆಯ ಬಿಲ್ಲೆಯ ಮೂಲೆಯಲ್ಲಿ ಮನೆ ಇದ್ದವರಿಗೆ ಮರ, ಇಟ್ಟಿಗೆ, ಉಣ್ಣೆ, ಧಾನ್ಯ ಅಥವಾ ಅದಿರು. ಹತ್ತು ಅಂಕ ಮೊದಲು ಮುಟ್ಟಿದವರು ಗೆದ್ದರು.

ಹೊಸಬರ ಆಟ ಕೆಡುವುದು ದಾಳ ಹಾಕುವ ಮೊದಲೇ, ಶುರುವಿನ ಎರಡು ಮನೆ ಇಡುವಾಗ. ಎರಡು ದಾಳದಲ್ಲಿ 36 ಬಗೆ. 6 ಬೀಳುವುದು ಐದು ಬಗೆಯಲ್ಲಿ, 8 ಕೂಡ ಐದು, 2 ಮತ್ತು 12 ಮಾತ್ರ ಒಂದೊಂದೇ. ಇದನ್ನೇ ಸಂಖ್ಯೆಯ ಕೆಳಗೆ ಚುಕ್ಕೆಗಳಾಗಿ ಮುದ್ರಿಸಿದ್ದಾರೆ. 6, 8ಕ್ಕೆ ಐದು ಕೆಂಪು ಚುಕ್ಕೆ, 5, 9ಕ್ಕೆ ನಾಲ್ಕು, ಹೀಗೆ. ಮನೆ ಇಡುವ ಮೂಲೆಯ ಮೂರೂ ಬಿಲ್ಲೆಗಳ ಚುಕ್ಕೆ ಕೂಡಿಸಿ. ಹತ್ತು, ಹನ್ನೊಂದು ಬಂದರೆ ಒಳ್ಳೆಯ ಜಾಗ. ಐದಾರು ಚುಕ್ಕೆಯ ಮೂಲೆಯಲ್ಲಿ ಕೂತವರು ಮುಂದಿನ ಒಂದು ತಾಸು ಬರಿಗೈಯಲ್ಲಿ ಬೇರೆಯವರ ಮುಖ ನೋಡುತ್ತಿರಬೇಕು, ‘ದರಿದ್ರ ದಾಳ’ ಎಂದು ಬೈದುಕೊಳ್ಳುತ್ತ. ನಿಯಮದ ಪುಸ್ತಕದಲ್ಲಿ ಹೊಸಬರಿಗಾಗಿಯೇ ಬಿಲ್ಲೆ, ಮನೆ ಎಲ್ಲ ಜೋಡಿಸಿ ತೋರಿಸಿದ ಚಿತ್ರವಿದೆ. ಮೊದಲ ಸಲ ಅದೇ ಸರಿ. 7 ಬಿದ್ದಾಗ ಕಳ್ಳ ಬರುತ್ತಾನೆ, ಕೈಯಲ್ಲಿ ಏಳಕ್ಕಿಂತ ಹೆಚ್ಚು ಎಲೆ ಇದ್ದವರು ಅರ್ಧ ಕೊಡಬೇಕು. ಕೂಡಿಟ್ಟುಕೊಳ್ಳುವ ಸ್ವಭಾವದವರಿಗೆ ಇದು ಮೊದಲ ಪೆಟ್ಟು. ‘ನಿನಗೆ ಒಂದು ಉಣ್ಣೆ ಕೊಡ್ತೀನಿ, ಇಟ್ಟಿಗೆ ಕೊಡು’ ಎಂಬ ಚೌಕಾಸಿಯೇ ಈ ಆಟದ ಅರ್ಧ ಸುಖ. ಮಾತೇ ಆಡದ ಮೇಜಿನಲ್ಲಿ ಕಟಾನ್ ಸಪ್ಪೆ.

ಊರಿನ ಮನೆಗೆ ಮೊದಲ ಪೆಟ್ಟಿಗೆಯಾಗಿ ಕಟಾನ್‌ಗಿಂತ ಕಿಂಗ್‌ಡೊಮಿನೊ ವಾಸಿ. 2017ರ ಕೆಂಪು ಕಾಯಿ, ಚಿಕ್ಕ ಪೆಟ್ಟಿಗೆ, ಬೆಲೆ ಇಪ್ಪತ್ತು ಯೂರೋ ಆಸುಪಾಸು, ಹದಿನೈದಿಪ್ಪತ್ತು ನಿಮಿಷದ ಆಟ. 48 ಡೊಮಿನೊ ಬಿಲ್ಲೆಗಳು, ನಾಲ್ವರು ಆಡಿದರೆ ತಲಾ 12. ಒಂದು ಬಿಲ್ಲೆಗೆ ಎರಡು ಚೌಕ, ಹನ್ನೆರಡಕ್ಕೆ 24, ಕೋಟೆಯದೊಂದು ಸೇರಿ ಸರಿಯಾಗಿ ಐದೈದಲ ಇಪ್ಪತ್ತೈದು. ಮೂವರಾದರೆ 12 ಬಿಲ್ಲೆ, ಇಬ್ಬರಾದರೆ 24 ಬಿಲ್ಲೆ ತೆಗೆದಿಡಬೇಕು. ಇದನ್ನು ಮರೆತರೆ ಲೆಕ್ಕ ತಪ್ಪುತ್ತದೆ. ಅಂಕದ ಸೂತ್ರ ಒಂದೇ ಸಾಲು: ಒಂದಕ್ಕೊಂದು ತಾಗಿದ ಒಂದೇ ಬಣ್ಣದ ಚೌಕಗಳು ಗುಣಿಸು ಅವುಗಳಲ್ಲಿರುವ ಕಿರೀಟಗಳು. ಆರು ಚೌಕದ ಗೋಧಿ ಹೊಲದಲ್ಲಿ ಎರಡು ಕಿರೀಟ ಇದ್ದರೆ 12. ಒಂಬತ್ತು ಚೌಕದ ಕಾಡಿನಲ್ಲಿ ಕಿರೀಟವೇ ಇಲ್ಲದಿದ್ದರೆ ಸೊನ್ನೆ. ಎಲ್ಲರೂ ಮೊದಲ ಆಟದಲ್ಲಿ ಬೀಳುವ ಗುಂಡಿ ಇದೇ. ದೊಡ್ಡ ಕಾಡು ಕಟ್ಟಿ ಕೊನೆಗೆ ಕಿರೀಟ ಹುಡುಕುತ್ತಾರೆ. ಮಗ್ಗಿ ಕಲಿಯುತ್ತಿರುವ ಮಕ್ಕಳಿಗೆ ಇದರಷ್ಟು ಸಲೀಸಾದ ಅಭ್ಯಾಸ ಬೇರೆ ಕಾಣೆ.

ಚೌಕಾಬಾರ ಆಡಿ ಬೆಳೆದವರಿಗೆ ಕಾರ್ಕಸೋನ್. ಒಂದು ಬಿಲ್ಲೆ ತೆಗೆ, ನಾಲ್ಕೂ ಪಕ್ಕ ಹೊಂದುವಂತೆ ಜೋಡಿಸು, ಮನಸ್ಸಿದ್ದರೆ ಆಗಷ್ಟೇ ಇಟ್ಟ ಬಿಲ್ಲೆಯ ಮೇಲೆ ಒಂದು ಕಾಯಿ ಇಡು. ಇಷ್ಟೇ. ತಲಾ ಎಂಟು ಕಾಯಿ, ಒಂದು ಅಂಕದ ಹಲಗೆಗೆ ಹೋಗಿ ಕೈಯಲ್ಲಿ ಉಳಿಯುವುದು ಏಳು. ರಸ್ತೆ ಮುಗಿದರೆ ಬಿಲ್ಲೆಗೆ ಒಂದು ಅಂಕ, ಕೋಟೆ ಮುಗಿದರೆ ಬಿಲ್ಲೆಗೆ ಎರಡು, ಮಠದ ಸುತ್ತ ಎಂಟೂ ಬಿಲ್ಲೆ ತುಂಬಿದರೆ ಒಂಬತ್ತು. ಕೆಲಸ ಮುಗಿದಾಗ ಕಾಯಿ ‘ಹಣ್ಣಾಗಿ’ ಕೈಗೆ ಮರಳುತ್ತದೆ ಎಂದರೆ ಅಜ್ಜಿಗೂ ತಕ್ಷಣ ಹೊಳೆಯುತ್ತದೆ. ಒಬ್ಬನಿಗೆ ಮಾತ್ರ ಆ ಭಾಗ್ಯವಿಲ್ಲ, ಹೊಲದಲ್ಲಿ ಮಲಗಿಸಿದ ಕಾಯಿ, ಅಂದರೆ ರೈತನಿಗೆ. ಅವನು ಆಟ ಮುಗಿಯುವವರೆಗೆ ಅಲ್ಲೇ. ಕೊನೆಗೆ ತನ್ನ ಹೊಲಕ್ಕೆ ತಾಗಿದ, ಪೂರ್ತಿಯಾದ ಪ್ರತಿ ಕೋಟೆಗೆ ಮೂರು ಅಂಕ ತರುತ್ತಾನೆ. ಜಗಳವೆಲ್ಲ ಈ ಹೊಲದ ಗಡಿಯ ಮೇಲೆಯೇ, ನಮ್ಮೂರಿನ ಹಾಗೆ. ಮೊದಲ ಎರಡು ಆಟ ರೈತನನ್ನು ಬಿಟ್ಟುಬಿಡಿ. ಏಳೂ ಕಾಯಿಯನ್ನು ಆತುರದಲ್ಲಿ ಇಟ್ಟು ಕೈ ಬರಿದಾಗಿಸಿಕೊಳ್ಳುವುದು ಇನ್ನೊಂದು ಸಾಮಾನ್ಯ ತಪ್ಪು, ಒಂದು ಕಾಯಿ ಯಾವಾಗಲೂ ಕೈಯಲ್ಲಿರಲಿ.

ಅಜುಲ್ ನೋಡಲು ಎಲ್ಲಕ್ಕಿಂತ ಚೆಂದ, ಬಣ್ಣಬಣ್ಣದ ನೂರು ಬಿಲ್ಲೆಗಳು, ಕೈಗೆ ತೂಕ. ಆದರೆ ಮೆತ್ತಗಿನ ಆಟವಲ್ಲ, ಬೇಡದ ಬಣ್ಣವನ್ನು ಪಕ್ಕದವರ ತಲೆಗೆ ಕಟ್ಟುವುದೇ ತಂತ್ರ, ಹೆಚ್ಚಾದದ್ದು ನೆಲಕ್ಕೆ ಬಿದ್ದು ಅಂಕ ಕಳೆಯುತ್ತದೆ. ಸೋತರೆ ಮುನಿಸಿಕೊಳ್ಳುವವರಿರುವ ಮನೆಗೆ ಎಲ್ಲರೂ ಒಂದೇ ಪಕ್ಷವಾಗಿ ಆಡುವ ಆಟ ಒಳ್ಳೆಯದು. 2024ರ ಕೆಂಪು ಕಾಯಿ ‘ಸ್ಕೈ ಟೀಮ್’ ಅಂಥದ್ದು, ಆದರೆ ಸರಿಯಾಗಿ ಇಬ್ಬರಿಗೆ ಮಾತ್ರ. ಪೈಲಟ್, ಸಹಪೈಲಟ್ ಆಗಿ ವಿಮಾನ ಇಳಿಸಬೇಕು, ದಾಳ ಹಾಕಿದ ಮೇಲೆ ಮಾತಾಡುವಂತಿಲ್ಲ. ಹೊಸದಾಗಿ ಮದುವೆಯಾದವರಿಗೆ ಕೊಡಲು ಧೈರ್ಯ ಬೇಕು.

ಎರಡು ಮೂರು ವರ್ಷದ ಮಗುವಿಗೆ ‘ಮೊದಲ ಹಣ್ಣಿನ ತೋಟ’: ನಾಲ್ಕು ಬಣ್ಣದ 16 ಮರದ ಹಣ್ಣು, ಒಂದು ಬುಟ್ಟಿ, ಒಂದು ಕಾಗೆ, ಬಣ್ಣದ ದಾಳ. ಕಾಗೆ ಬರುವುದರೊಳಗೆ ಹಣ್ಣೆಲ್ಲ ಬುಟ್ಟಿಗೆ. ಓದುವುದಿಲ್ಲ, ಎಣಿಸುವುದೂ ಇಲ್ಲ. ಬೇರೆ ಪೆಟ್ಟಿಗೆಗಳ ಮೇಲೆ ‘0–3’ ಎಂದು ಬರೆದು ಅಡ್ಡಗೆರೆ ಎಳೆದ ಮಗುವಿನ ಮುಖದ ಗುರುತಿದ್ದರೆ, ಬಾಯಿಗೆ ಹೋಗುವಂಥ ಸಣ್ಣ ಸಾಮಾನಿದೆ ಎಂದರ್ಥ.

‘ಎರ್‌ವೈಟರುಂಗ್’ ಎಂಬ ಪದ ಪೆಟ್ಟಿಗೆಯ ಮೇಲಿದ್ದರೆ ಕೈ ಹಿಂದೆ ತೆಗೆಯಿರಿ. ಅದು ಮೂಲ ಆಟಕ್ಕೆ ಸೇರಿಸುವ ತುಣುಕು, ಅದೊಂದನ್ನೇ ಆಡಲಾಗದು. ‘ಟಿಕೆಟ್ ಟು ರೈಡ್’ಗೆ ಭಾರತದ ನಕಾಶೆ ಇದೆಯೆಂದು ಹಿಗ್ಗಿ ಅದನ್ನೇ ಕೊಂಡುಹೋದರೆ, ಒಳಗೆ ರೈಲು ಡಬ್ಬಿಗಳೂ ಇರುವುದಿಲ್ಲ, ಬಣ್ಣದ ಎಲೆಗಳೂ ಇರುವುದಿಲ್ಲ. ತಲಾ 45 ಡಬ್ಬಿ, 110 ಎಲೆ ಇರುವುದು ಮೂಲ ಪೆಟ್ಟಿಗೆಯಲ್ಲಿ.

ಪ್ಲಾಸ್ಟಿಕ್ ಬಿಚ್ಚದೆ ಕೊಡುವುದೇ ಚೆಂದ ಅನ್ನಿಸಬಹುದು. ಆದರೆ ವಿಮಾನ ಹತ್ತುವ ಪೆಟ್ಟಿಗೆಯನ್ನು ಇಲ್ಲೇ ಬಿಚ್ಚಿ ಎಣಿಸುವುದು ಜಾಣತನ. ಕಾರ್ಕಸೋನ್ ಆದರೆ 72 ಬಿಲ್ಲೆ, ನದಿಯೂ ಇರುವ ಹೊಸ ಪೆಟ್ಟಿಗೆಯಾದರೆ 84. ಕಮ್ಮಿ ಬಿದ್ದ ಸಾಮಾನನ್ನು ಇಲ್ಲಿನ ಪ್ರಕಾಶಕರು ಸಾಮಾನ್ಯವಾಗಿ ಅಂಚೆಯಲ್ಲಿ ಕಳಿಸುತ್ತಾರೆ, ಊರಿಗೆ ತಲುಪಿದ ಮೇಲೆ ಆ ಓಡಾಟ ಬೇಡ. ರಟ್ಟಿನ ಬಿಲ್ಲೆಗಳನ್ನು ಚಿತ್ರವಿರುವ ಕಡೆಯಿಂದ ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಡಿಸಿ. ಎಳೆದರೆ ಮೇಲಿನ ಕಾಗದ ಸಿಪ್ಪೆಯಂತೆ ಎದ್ದುಬರುತ್ತದೆ. ಆದರೆ ಒಮ್ಮೆ ಬಿಚ್ಚಿದ ಆಟವನ್ನು ಅಂಗಡಿಯವರು ಬದಲಿಸಿ ಕೊಡುವುದು ಕಷ್ಟ. ಆಯ್ಕೆಯ ಬಗ್ಗೆಯೇ ಅನುಮಾನವಿದ್ದರೆ ಬಿಚ್ಚುವ ಮೊದಲೇ ಹಿಂತಿರುಗಿಸಿ. ಅಂಗಡಿಯಲ್ಲಿ ಕೊಂಡದ್ದನ್ನು ಬರೀ ಇಷ್ಟವಾಗಲಿಲ್ಲವೆಂದು ವಾಪಸ್ ಪಡೆಯುವುದು ಅವರ ಮರ್ಜಿ, ಆನ್‌ಲೈನಿನಲ್ಲಿ ತರಿಸಿದ್ದಕ್ಕೆ ಕೈಗೆ ಬಂದ ದಿನದಿಂದ 14 ದಿನ ಕಾನೂನಿನ ಹಕ್ಕಿದೆ.

ಸೂಟ್‌ಕೇಸಿನಲ್ಲಿ ಇಡುವಾಗ ಪೆಟ್ಟಿಗೆಯೊಳಗಿನ ಖಾಲಿ ಜಾಗಕ್ಕೆ ಕಾಲುಚೀಲ ತುಂಬಿದರೆ ಮುಚ್ಚಳ ಕುಸಿಯುವುದಿಲ್ಲ. ಸಾಮಾನನ್ನು ಜಿಪ್ ಚೀಲಗಳಲ್ಲಿ ಬಣ್ಣವಾರು ಹಾಕಿ. ಎಲೆಗಳಿಗೆ ರಬ್ಬರ್ ಬ್ಯಾಂಡ್ ಬೇಡ, ಅಂಚು ಬಾಗುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆಗಾದರೆ ಮಳೆಗಾಲದ ಲೆಕ್ಕ ಬೇರೆ. ಜೂನ್ ಬಂತೆಂದರೆ ರಟ್ಟು ಉಬ್ಬಿ ಬೂಸ್ಟು ಹಿಡಿಯುತ್ತದೆ. ಎಲೆಗಳಿಗೆ ಪ್ಲಾಸ್ಟಿಕ್ ತೊಡಿಸಿ, ಪೆಟ್ಟಿಗೆಯನ್ನು ಮುಚ್ಚಳ ಗಟ್ಟಿಯಿರುವ ಡಬ್ಬದಲ್ಲಿ ಸಿಲಿಕಾ ಪೊಟ್ಟಣದ ಜೊತೆ ಇಡಬೇಕು. ತೊಡಿಸುವ ಕವರ್ ಕೊಳ್ಳುವ ಮುನ್ನ ಎಲೆಯನ್ನು ಸ್ಕೇಲಿನಲ್ಲಿ ಅಳೆಯಿರಿ. ಕಟಾನ್ ಎಲೆ 54ಕ್ಕೆ 80 ಮಿಲಿಮೀಟರ್, ಇಸ್ಪೀಟಿನ ಅಳತೆಯ ಕವರ್ ಅದಕ್ಕೆ ಜೋಲುತ್ತದೆ.

ಕೊನೆಗೆ ಹೇಳಿಕೊಡುವ ಕೆಲಸ. ಪುಸ್ತಕವನ್ನು ಮೊದಲ ಪುಟದಿಂದ ಗಟ್ಟಿಯಾಗಿ ಓದಲು ಶುರುಮಾಡಿದರೆ ಮೂರನೇ ನಿಮಿಷಕ್ಕೆ ಚಿಕ್ಕಪ್ಪ ಮೊಬೈಲ್ ತೆಗೆಯುತ್ತಾರೆ. ಹಿಂದಿನ ರಾತ್ರಿಯೇ ಒಬ್ಬರೇ ಕೂತು, ಇಬ್ಬರ ಪರವಾಗಿ ನಾಲ್ಕು ಸುತ್ತು ಆಡಿ ನೋಡಿ. ಮರುದಿನ ಎಲ್ಲವನ್ನೂ ಜೋಡಿಸಿಟ್ಟ ಮೇಲೆಯೇ ಜನರನ್ನು ಕರೆಯಿರಿ. ಗೆಲ್ಲುವುದು ಹೇಗೆ ಎಂಬುದನ್ನು ಮೊದಲು ಹೇಳಿ, ತನ್ನ ಸರದಿಯಲ್ಲಿ ಏನು ಮಾಡಬಹುದು ಎಂಬುದು ಎರಡನೆಯದು, ಆಟ ಯಾವಾಗ ಮುಗಿಯುತ್ತದೆ ಎಂಬುದು ಮೂರನೆಯದು. ಉಳಿದ ಅಪವಾದಗಳನ್ನು ಅವು ಎದುರಾದಾಗ ಹೇಳಿದರಾಯಿತು. ಮೊದಲ ಎರಡು ಸುತ್ತು ಎಲ್ಲರೂ ಎಲೆ ತೋರಿಸಿಯೇ ಆಡಲಿ, ಆಮೇಲೆ ಕಲಸಿ ಹೊಸದಾಗಿ ಶುರು ಮಾಡಿ. ಹೇಳಿಕೊಟ್ಟವರೇ ಆ ಮೊದಲ ಆಟ ಗೆದ್ದುಬಿಟ್ಟರೆ ಎರಡನೆಯದಕ್ಕೆ ಯಾರೂ ಕೂರುವುದಿಲ್ಲ.